ರಾಷ್ಟ್ರಪತಿಯ ಅಧಿಕಾರದ ಮಿತಿಗಳು ಮತ್ತು ಮೂಲಭೂತ ಹಕ್ಕುಗಳು

ರಾಷ್ಟ್ರಪತಿಯ ಅಧಿಕಾರದ ಮಿತಿಗಳು: ಭಾರತದ ರಾಷ್ಟ್ರಪತಿಗೆ ಸಂವಿಧಾನವು ಕೊಟ್ಟಿರುವ ಕಾರ್ಯಾಂಗ, ಶಾಸನ, ಕ್ಷಮಾದಾನ ಮತ್ತು ತುರ್ತು ಅಧಿಕಾರಗಳನ್ನು ಮಂತ್ರಿ ಪರಿಷತ್ತಿನ ಸಲಹೆ, ಸಂಸತ್ತಿನ ಒಪ್ಪಿಗೆ, ನ್ಯಾಯಾಲಯದ ಪರಾಮರ್ಶೆ ಮತ್ತು ಪ್ರಜೆಯ ಮೂಲಭೂತ ಹಕ್ಕುಗಳ ಮೂಲಕ ನಿಯಂತ್ರಿಸುವ ನಿಯಮಗಳ ಒಟ್ಟು ವ್ಯವಸ್ಥೆ. ಈ ಮಿತಿಗಳಲ್ಲಿ ಕೆಲವು ಸಂವಿಧಾನದ ಪಠ್ಯದಲ್ಲೇ ಇವೆ. ಉಳಿದವು 1955ರಿಂದ ಈಚೆಗೆ ನ್ಯಾಯಾಲಯಗಳ ತೀರ್ಪುಗಳಲ್ಲಿ ಬೆಳೆದವು. ಹೀಗೆ ಬೆಳೆದ ಭಾಗದಲ್ಲಿ ಕರ್ನಾಟಕದ ಮತ್ತು ಕನ್ನಡಿಗರ ಮೊಕದ್ದಮೆಗಳ ಪಾಲು ದೊಡ್ಡದು.

ಪರಿಭಾಷೆ

ಈ ಲೇಖನದಲ್ಲಿ 'ಘೋಷಣೆ' ಎಂದರೆ ಸಂವಿಧಾನದ 352, 356 ಅಥವಾ 360ನೆಯ ವಿಧಿಯಡಿ ರಾಷ್ಟ್ರಪತಿ ಸಹಿ ಮಾಡಿ ಹೊರಡಿಸುವ ಪತ್ರ. 352ರದು ರಾಷ್ಟ್ರೀಯ ತುರ್ತು ಪರಿಸ್ಥಿತಿ, 360ರದು ಹಣಕಾಸಿನ ತುರ್ತು ಪರಿಸ್ಥಿತಿ. ರಾಜ್ಯದಲ್ಲಿ ಸಂವಿಧಾನದಂತೆ ಆಡಳಿತ ನಡೆಸಲು ಸಾಧ್ಯವಿಲ್ಲವೆಂದು ರಾಷ್ಟ್ರಪತಿಗೆ ಮನವರಿಕೆಯಾದಾಗ 356ರಡಿ ಹೊರಡುವ ಘೋಷಣೆಯಿಂದ ಬರುವ ಆಡಳಿತವನ್ನು ರೂಢಿಯಲ್ಲಿ 'ರಾಷ್ಟ್ರಪತಿ ಆಳ್ವಿಕೆ' ಎನ್ನುತ್ತಾರೆ. ಹಣಕಾಸಿನ ತುರ್ತು ಪರಿಸ್ಥಿತಿ ಈವರೆಗೆ ಒಮ್ಮೆಯೂ ಜಾರಿಯಾಗಿಲ್ಲ. 'ಹಂಗಾಮಿ ರಾಷ್ಟ್ರಪತಿ' ಎಂದರೆ 65ನೆಯ ವಿಧಿಯಂತೆ, ಆ ಸ್ಥಾನ ತೆರವಾದಾಗ ರಾಷ್ಟ್ರಪತಿಯಾಗಿ ಕಾರ್ಯ ನಿರ್ವಹಿಸುವ ಉಪರಾಷ್ಟ್ರಪತಿ.

ಮೂಲ

ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಅವರು 1947ರಲ್ಲಿ ಸಿದ್ಧಪಡಿಸಿದ ಟಿಪ್ಪಣಿಯಲ್ಲಿ ರಾಷ್ಟ್ರಪತಿಗೆ ಕೆಲವು ವಿಷಯಗಳಲ್ಲಿ ಸ್ವಂತ ವಿವೇಚನೆಯ ಅಧಿಕಾರವನ್ನೂ, ಆ ಕೆಲಸಕ್ಕೆ ನೆರವಾಗುವ ಒಂದು ರಾಜ್ಯ ಮಂಡಳಿಯನ್ನೂ ಸೂಚಿಸಲಾಗಿತ್ತು. ಸಭೆ ಅದನ್ನು ಒಪ್ಪಲಿಲ್ಲ. ಬ್ರಿಟನ್ನಿನ ಸಂಸದೀಯ ಪದ್ಧತಿಯಂತೆ, ಅಧಿಕಾರವೆಲ್ಲ ರಾಷ್ಟ್ರಪತಿಯ ಹೆಸರಿನಲ್ಲಿ ನಡೆದರೂ ತೀರ್ಮಾನ ಮಂತ್ರಿಗಳದೇ ಆಗಿರಬೇಕೆಂಬ ನಿಲುವು ಗೆದ್ದಿತು.

ರಾಷ್ಟ್ರಪತಿ ಆಳ್ವಿಕೆಯ ಬೇರು ಇರುವುದು ಬ್ರಿಟಿಷರ 1935ರ ಭಾರತ ಸರ್ಕಾರ ಕಾಯಿದೆಯಲ್ಲಿ. ಅದರ 93ನೆಯ ಪ್ರಕರಣದಂತೆ ಪ್ರಾಂತ್ಯದ ಗವರ್ನರ್ ಇಡೀ ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದಿತ್ತು. ಸ್ವಾತಂತ್ರ್ಯ ಚಳವಳಿ ಟೀಕಿಸಿದ್ದ ಆ ಪ್ರಕರಣವೇ ರೂಪ ಬದಲಿಸಿ ಕರಡು ಸಂವಿಧಾನದ 278ನೆಯ ವಿಧಿಯಾಗಿ, ಕೊನೆಗೆ 356 ಆಗಿ ಉಳಿಯಿತು. 1949ರ ಆಗಸ್ಟ್‌ನ ಚರ್ಚೆಯಲ್ಲಿ ಹಲವು ಸದಸ್ಯರು ಆತಂಕ ತೋರಿದರು. ಈ ವಿಧಿ ಬಳಕೆಗೇ ಬಾರದೆ ಕಾಗದದ ಮೇಲಷ್ಟೇ ಉಳಿಯಲೆಂಬ ಆಶಯವನ್ನು ಬಿ. ಆರ್. ಅಂಬೇಡ್ಕರ್ ಅಲ್ಲಿ ವ್ಯಕ್ತಪಡಿಸಿದರು. ಮುಂದೆ ಆದದ್ದು ಅದಕ್ಕೆ ತೀರ ವಿರುದ್ಧ.

ಅಮೆರಿಕದ ಅಧ್ಯಕ್ಷನೊಂದಿಗೆ ಭಾರತದ ರಾಷ್ಟ್ರಪತಿಯನ್ನು ಹೋಲಿಸುವಾಗ ಎಚ್ಚರ ಬೇಕು. ಅಲ್ಲಿ ಅಧ್ಯಕ್ಷನೇ ಸರ್ಕಾರದ ನಿಜವಾದ ಮುಖ್ಯಸ್ಥ. 1952ರಲ್ಲಿ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡ ಟ್ರೂಮನ್ ಆದೇಶವನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ಕಡಿವಾಣ ಬಿದ್ದದ್ದು ಸ್ವತಃ ಆ ವ್ಯಕ್ತಿಗೆ. ಭಾರತದಲ್ಲಿ ರಾಷ್ಟ್ರಪತಿಯ ಅಧಿಕಾರಕ್ಕೆ ಹಾಕಿದ ಮಿತಿ ವಾಸ್ತವದಲ್ಲಿ ಕೇಂದ್ರ ಸಚಿವ ಸಂಪುಟಕ್ಕೆ ಹಾಕಿದ ಮಿತಿ.

ಸಾಂವಿಧಾನಿಕ ರಚನೆ

53ನೆಯ ವಿಧಿಯು ಒಕ್ಕೂಟದ ಕಾರ್ಯಾಂಗದ ಅಧಿಕಾರವನ್ನು ರಾಷ್ಟ್ರಪತಿಯಲ್ಲಿ ಇರಿಸುತ್ತದೆ. ಅದನ್ನು ಚಲಾಯಿಸಲು ನೆರವು ಮತ್ತು ಸಲಹೆ ನೀಡುವ, ಪ್ರಧಾನಮಂತ್ರಿಯ ನೇತೃತ್ವದ ಮಂತ್ರಿ ಪರಿಷತ್ತು ಇರತಕ್ಕದ್ದೆಂದು 74ನೆಯ ವಿಧಿ ಹೇಳುತ್ತದೆ. ಈ ಸಲಹೆಗೆ ರಾಷ್ಟ್ರಪತಿ ಬದ್ಧರೇ ಎಂಬುದನ್ನು ಮೂಲ ಪಠ್ಯ ಸ್ಪಷ್ಟವಾಗಿ ಹೇಳಿರಲಿಲ್ಲ. 1960ರ ನವೆಂಬರ್‌ನಲ್ಲಿ ಭಾರತೀಯ ಕಾನೂನು ಸಂಸ್ಥೆಯ ಸಮಾರಂಭದಲ್ಲಿ ಮಾತನಾಡುತ್ತ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರೇ ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದರು. ರಾಮ್ ಜವಾಯಾ ಕಪೂರ್ (1955) ಮತ್ತು ಶಂಶೇರ್ ಸಿಂಗ್ (1974) ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟ್, ರಾಷ್ಟ್ರಪತಿ ಸಾಂವಿಧಾನಿಕ ಮುಖ್ಯಸ್ಥ ಮಾತ್ರ ಎಂದಿತು. 1976ರ 42ನೆಯ ತಿದ್ದುಪಡಿ ಸಲಹೆಯಂತೆ ನಡೆಯುವುದನ್ನು ಕಡ್ಡಾಯಗೊಳಿಸಿತು. 1978ರ 44ನೆಯ ತಿದ್ದುಪಡಿ ಒಂದು ಬಾಗಿಲು ತೆರೆಯಿತು: ಸಲಹೆಯನ್ನು ಮರುಪರಿಶೀಲಿಸುವಂತೆ ರಾಷ್ಟ್ರಪತಿ ಒಮ್ಮೆ ಕೇಳಬಹುದು, ಅದೇ ಸಲಹೆ ಮರಳಿ ಬಂದರೆ ಒಪ್ಪಲೇಬೇಕು. 1997ರಲ್ಲಿ ಉತ್ತರ ಪ್ರದೇಶದ ಮತ್ತು 1998ರಲ್ಲಿ ಬಿಹಾರದ ಸರ್ಕಾರವನ್ನು ವಜಾ ಮಾಡುವ ಶಿಫಾರಸುಗಳನ್ನು ಅಂದಿನ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಈ ಅವಕಾಶ ಬಳಸಿ ಹಿಂದಕ್ಕೆ ಕಳುಹಿಸಿದರು.

ಸಂವಿಧಾನವನ್ನು ಉಲ್ಲಂಘಿಸಿದ ರಾಷ್ಟ್ರಪತಿಯನ್ನು 61ನೆಯ ವಿಧಿಯ ಮಹಾಭಿಯೋಗದಿಂದ ತೆಗೆದುಹಾಕಬಹುದು. ಇದಕ್ಕೆ ಸದನದ ಕಾಲು ಭಾಗ ಸದಸ್ಯರ ಸಹಿ, 14 ದಿನಗಳ ನೋಟಿಸು, ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಮತ ಬೇಕು. ಇಂದಿನವರೆಗೆ ಯಾವ ರಾಷ್ಟ್ರಪತಿಯೂ ಹೀಗೆ ಪದಚ್ಯುತರಾಗಿಲ್ಲ.

ಮಿತಿಗಳ ಬಗೆಗಳು

ಶಾಸನದ ಅಧಿಕಾರದಲ್ಲಿ ಮುಖ್ಯವಾದವು ಮಸೂದೆಗೆ ಅಂಕಿತ (111ನೆಯ ವಿಧಿ) ಮತ್ತು ಸುಗ್ರೀವಾಜ್ಞೆ (123ನೆಯ ವಿಧಿ). ಹಣಕಾಸು ಮಸೂದೆಯನ್ನು ಬಿಟ್ಟು ಉಳಿದ ಮಸೂದೆಯನ್ನು ರಾಷ್ಟ್ರಪತಿ ಒಮ್ಮೆ ಹಿಂದಿರುಗಿಸಬಹುದು. ಸಂಸತ್ತು ಮತ್ತೆ ಅಂಗೀಕರಿಸಿದರೆ ಅಂಕಿತ ಹಾಕಬೇಕು. 2006ರಲ್ಲಿ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಅಂದಿನ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಹೀಗೆ ಹಿಂದಿರುಗಿಸಿದ್ದರು. ಅಂಕಿತಕ್ಕೆ ಗಡುವು ಇಲ್ಲದ್ದರಿಂದ ಮಸೂದೆಯನ್ನು ಸುಮ್ಮನೆ ಇರಿಸಿಕೊಳ್ಳುವ ದಾರಿಯೂ ಉಂಟು. ರಾಷ್ಟ್ರಪತಿಯಾಗಿದ್ದ ಜೈಲ್ ಸಿಂಗ್ ಅಂಚೆ ಮಸೂದೆಯ ವಿಷಯದಲ್ಲಿ ಅದನ್ನೇ ಮಾಡಿದರು. ಸುಗ್ರೀವಾಜ್ಞೆ ಸಂಸತ್ತು ಸೇರಿದ ಆರು ವಾರಗಳಲ್ಲಿ ತಾನಾಗಿ ಬಿದ್ದುಹೋಗುತ್ತದೆ. ಸದನದ ಮುಂದಿಡದೆ ಅದನ್ನೇ ಮತ್ತೆ ಮತ್ತೆ ಹೊರಡಿಸುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು 1986ರ ವಾಧ್ವಾ ತೀರ್ಪು ಸಾರಿತು. 72ನೆಯ ವಿಧಿಯ ಕ್ಷಮಾದಾನವೂ ಪರಾಮರ್ಶೆಗೆ ಹೊರತಲ್ಲ. ಮರಣದಂಡನೆಗೆ ಗುರಿಯಾದವರ ದಯಾ ಅರ್ಜಿಯನ್ನು ವಿನಾಕಾರಣ ವರ್ಷಗಟ್ಟಲೆ ಬಾಕಿ ಇಟ್ಟರೆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಬಹುದೆಂದು 2014ರ ಶತ್ರುಘ್ನ ಚೌಹಾಣ್ ತೀರ್ಪು ಹೇಳಿತು.

ಹೆಚ್ಚು ವಿವಾದ ಹುಟ್ಟಿದ್ದು ತುರ್ತು ಅಧಿಕಾರಗಳಲ್ಲಿ. 356ರ ಘೋಷಣೆಗೆ ಎರಡು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕು. ಒಪ್ಪಿಗೆಯ ಅವಧಿ ಒಂದು ಸಲಕ್ಕೆ ಆರು ತಿಂಗಳು, ಗರಿಷ್ಠ ಮಿತಿ ಮೂರು ವರ್ಷ. ಒಂದು ವರ್ಷ ದಾಟಬೇಕಾದರೆ ರಾಷ್ಟ್ರೀಯ ತುರ್ತು ಪರಿಸ್ಥಿತಿ ಜಾರಿಯಲ್ಲಿರಬೇಕು, ಚುನಾವಣೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗ ಪ್ರಮಾಣೀಕರಿಸಿರಬೇಕು. ಹೈಕೋರ್ಟಿನ ಅಧಿಕಾರವನ್ನು ರಾಷ್ಟ್ರಪತಿ ತನ್ನ ಕೈಗೆ ತೆಗೆದುಕೊಳ್ಳುವಂತಿಲ್ಲ.

ಮೂಲಭೂತ ಹಕ್ಕುಗಳ ಮೇಲೆ ಪರಿಣಾಮ

ರಾಷ್ಟ್ರಪತಿ ಆಳ್ವಿಕೆಯಿಂದ ಪ್ರಜೆಯ ಮೂಲಭೂತ ಹಕ್ಕುಗಳು ಅಮಾನತಾಗುವುದಿಲ್ಲ. ರಾಷ್ಟ್ರಪತಿ ಆಳ್ವಿಕೆಯನ್ನೂ ರಾಷ್ಟ್ರೀಯ ತುರ್ತು ಪರಿಸ್ಥಿತಿಯನ್ನೂ ಬೆರೆಸಿ ಹೇಳುವುದು ಪತ್ರಿಕೆಗಳಲ್ಲೂ ಕಾಣುವ ಸಾಮಾನ್ಯ ತಪ್ಪು. ಹಕ್ಕುಗಳ ಜಾರಿಯನ್ನು ತಡೆಹಿಡಿಯುವ ಅಧಿಕಾರ ರಾಷ್ಟ್ರೀಯ ತುರ್ತು ಪರಿಸ್ಥಿತಿಯಲ್ಲಿ ಮಾತ್ರ, 358 ಮತ್ತು 359ನೆಯ ವಿಧಿಗಳಡಿ ದೊರೆಯುತ್ತದೆ.

1975ರ ಜೂನ್ 25ರಂದು ಆಂತರಿಕ ಕ್ಷೋಭೆಯ ಕಾರಣ ಕೊಟ್ಟು ತುರ್ತು ಪರಿಸ್ಥಿತಿ ಘೋಷಿಸಲಾಯಿತು. ಜೂನ್ 27ರ ರಾಷ್ಟ್ರಪತಿ ಆದೇಶವು 14, 21 ಮತ್ತು 22ನೆಯ ವಿಧಿಗಳ ಹಕ್ಕುಗಳಿಗಾಗಿ ನ್ಯಾಯಾಲಯದ ಮೊರೆ ಹೋಗುವುದನ್ನು ತಡೆಯಿತು. ಆ ಹೊತ್ತಿಗೆ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮ್ ನಂದನ್ ಮಿಶ್ರಾ ಬೆಂಗಳೂರಿನಲ್ಲಿ ಬಂಧನಕ್ಕೊಳಗಾಗಿದ್ದರು. ಪಕ್ಷಾಂತರ ತಡೆಯುವ ಮಸೂದೆಯನ್ನು ಪರಿಶೀಲಿಸುವ ಸಂಸದೀಯ ಸಮಿತಿಯ ಸಭೆಗೆಂದು ನಗರಕ್ಕೆ ಬಂದಿದ್ದ ಸಂದರ್ಭ ಅದು. ಅವರ ಬಂಧನವನ್ನು ಪ್ರಶ್ನಿಸಿದ ಹೇಬಿಯಸ್ ಕಾರ್ಪಸ್ ಅರ್ಜಿಗಳು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಡಿ. ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರ ಮುಂದೆ ಬಂದವು. ರಾಷ್ಟ್ರಪತಿಯ ಆದೇಶವಿದ್ದರೂ ಬಂಧನ ಕಾನೂನಿನಂತೆ ನಡೆದಿದೆಯೇ ಎಂದು ನೋಡುವ ಅಧಿಕಾರ ತನಗಿದೆ ಎಂದು ಹೈಕೋರ್ಟ್ ಹೇಳಿತು. ಬಳಿಕ ಆ ಇಬ್ಬರೂ ಬೇರೆ ರಾಜ್ಯಗಳ ಹೈಕೋರ್ಟುಗಳಿಗೆ ವರ್ಗವಾದರು.

ಇದೇ ನಿಲುವು ತಳೆದಿದ್ದ ಹಲವು ಹೈಕೋರ್ಟುಗಳ ತೀರ್ಪುಗಳನ್ನು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 44ನೆಯ ತಿದ್ದುಪಡಿ ಈ ಹಾನಿಯನ್ನು ಸರಿಪಡಿಸಿತು. 'ಆಂತರಿಕ ಕ್ಷೋಭೆ' ಇದ್ದ ಜಾಗದಲ್ಲಿ 'ಸಶಸ್ತ್ರ ಬಂಡಾಯ' ಬಂತು. ಸಂಪುಟದ ತೀರ್ಮಾನ ಲಿಖಿತವಾಗಿ ಬಂದ ಹೊರತು ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. 20 ಮತ್ತು 21ನೆಯ ವಿಧಿಗಳ ಹಕ್ಕುಗಳನ್ನು ಯಾವ ತುರ್ತಿನಲ್ಲೂ ತಡೆಹಿಡಿಯುವಂತಿಲ್ಲ. ಜಬಲ್ಪುರ ತೀರ್ಪನ್ನು ನ್ಯಾಯಾಲಯವೇ ಅಧಿಕೃತವಾಗಿ ತಿರಸ್ಕರಿಸಿದ್ದು 2017ರ ಆಗಸ್ಟ್ 24ರಂದು, ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪಿನಲ್ಲಿ. ಆ ಮೊಕದ್ದಮೆಯ ಅರ್ಜಿದಾರ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಈ ಎಲ್ಲದರ ಹಿಂದೆ ನಿಂತಿರುವ ಸಿದ್ಧಾಂತ ಸಂವಿಧಾನದ ಮೂಲ ಸಂರಚನೆಯದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಅರ್ಜಿ ಸಲ್ಲಿಸಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದೇ ಹೊರತು ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಬಹುಮತದಲ್ಲಿದ್ದ ಕರಾವಳಿಯ ಕೆ. ಎಸ್. ಹೆಗ್ಡೆ ಅವರ ಹಿರಿತನವನ್ನು ಮುಂದಿನ ದಿನಗಳಲ್ಲೇ ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಹೆಗ್ಡೆ ರಾಜೀನಾಮೆ ಕೊಟ್ಟರು. ಮಠದ ಭೂಮಿಯ ವ್ಯಾಜ್ಯವೊಂದು ಹೀಗೆ ದೇಶದ ಸಂವಿಧಾನದ ಅಡಿಗಲ್ಲಾಯಿತು.

1977ರ ವಿಸರ್ಜನೆ ಮತ್ತು ಬಿ. ಡಿ. ಜತ್ತಿ

ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ (1958–62), ಒಡಿಶಾದ ರಾಜ್ಯಪಾಲರಾಗಿ, 1974ರಿಂದ 1979ರವರೆಗೆ ಉಪರಾಷ್ಟ್ರಪತಿಯಾಗಿ ಕೆಲಸ ಮಾಡಿದರು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಮಾರ್ಚ್ 21ರಂದು ಆಂತರಿಕ ತುರ್ತು ಪರಿಸ್ಥಿತಿ ಕೊನೆಗೊಂಡದ್ದೂ, ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಅವರ ಅವಧಿಯಲ್ಲಿ.

ಹೊಸ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಆ ರಾಜ್ಯಗಳಲ್ಲಿ ನೆಲಕಚ್ಚಿದ್ದರಿಂದ ಅಲ್ಲಿನ ಸರ್ಕಾರಗಳು ಜನರ ವಿಶ್ವಾಸ ಕಳೆದುಕೊಂಡಿವೆ ಎಂಬುದು ಅದರ ವಾದ. ಕಾಂಗ್ರೆಸ್ 28ರಲ್ಲಿ 26 ಸ್ಥಾನ ಗೆದ್ದಿದ್ದ ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ರಾಜ್ಯಗಳು ಹೂಡಿದ ದಾವೆಗಳನ್ನು ಸುಪ್ರೀಂ ಕೋರ್ಟ್ ಏಪ್ರಿಲ್ 29ರಂದು ವಜಾ ಮಾಡಿತು. ಸಂಪುಟ ಕಳುಹಿಸಿದ ಘೋಷಣೆಗಳಿಗೆ ಜತ್ತಿಯವರು ಕೂಡಲೇ ಸಹಿ ಹಾಕದೆ ತಡೆದರು. ದೆಹಲಿಯಲ್ಲಿ ಬಿಕ್ಕಟ್ಟಿನ ವಾತಾವರಣ ಉಂಟಾಯಿತು. ಏಪ್ರಿಲ್ 30ರಂದು ಅವರು ಸಹಿ ಮಾಡಿದರು. ಆಗ ಜಾರಿಯಲ್ಲಿದ್ದುದು 42ನೆಯ ತಿದ್ದುಪಡಿಯ ಪಠ್ಯ. ಸಲಹೆಯನ್ನು ಮರುಪರಿಶೀಲನೆಗೆ ಕಳುಹಿಸುವ ಅವಕಾಶ ಕೂಡ ಅದರಲ್ಲಿ ಇರಲಿಲ್ಲ. ಇನ್ನೊಂದು ಸಂಗತಿಯನ್ನೂ ಇಲ್ಲಿ ದಾಖಲಿಸಬೇಕು. 1973ರಲ್ಲಿ ಒಡಿಶಾದಲ್ಲಿ ಬಿಜು ಪಟ್ನಾಯಕ್ ಬಹುಮತದ ಹಕ್ಕು ಮಂಡಿಸಿದ್ದರೂ ರಾಷ್ಟ್ರಪತಿ ಆಳ್ವಿಕೆ ಬಂದಾಗ ಅಲ್ಲಿನ ರಾಜ್ಯಪಾಲರಾಗಿದ್ದವರು ಇದೇ ಜತ್ತಿ.

1977ರ ತೀರ್ಪು ದಾವೆಗಳನ್ನು ವಜಾ ಮಾಡಿದರೂ ಒಂದು ಬೀಜ ಉಳಿಸಿತು. ದುರುದ್ದೇಶದಿಂದ ಅಥವಾ ಸಂಬಂಧವೇ ಇಲ್ಲದ ಕಾರಣಗಳ ಮೇಲೆ ಘೋಷಣೆ ಹೊರಟಿದ್ದರೆ ನ್ಯಾಯಾಲಯ ಅದನ್ನು ನೋಡಬಹುದೆಂಬ ಮಾತು ಅದರಲ್ಲಿತ್ತು. ರಾಷ್ಟ್ರಪತಿಯ ಮನವರಿಕೆಯೇ ಅಂತಿಮ, ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂದು 1975ರ 38ನೆಯ ತಿದ್ದುಪಡಿ ಸೇರಿಸಿದ್ದ ಖಂಡವನ್ನು 44ನೆಯ ತಿದ್ದುಪಡಿ ಕಿತ್ತುಹಾಕಿತು.

ಬೊಮ್ಮಾಯಿ ಮೊಕದ್ದಮೆ

ರಾಷ್ಟ್ರಪತಿಯ ಅಧಿಕಾರದ ಮಿತಿಯನ್ನು ಗುರುತಿಸಿದ ತೀರ್ಪುಗಳಲ್ಲಿ ಎಸ್. ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ ಪ್ರಮುಖವಾದುದು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್ 13ರಂದು ಸೋಮಪ್ಪ ರಾಯಪ್ಪ ಬೊಮ್ಮಾಯಿ ಕರ್ನಾಟಕದ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ 15ರಂದು ಸಂಪುಟಕ್ಕೆ 13 ಮಂದಿ ಸೇರ್ಪಡೆಯಾದರು. ಎರಡು ದಿನಗಳಲ್ಲಿ, ತಾವು ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎನ್ನುವ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಮರುದಿನ ಆ 19 ಮಂದಿಯಲ್ಲಿ ಏಳು ಜನ, ತಮ್ಮ ಸಹಿ ತಪ್ಪು ತಿಳಿವಳಿಕೆಯಿಂದ ಪಡೆದದ್ದು, ತಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದುಕೊಟ್ಟರು. ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧ, ಏಪ್ರಿಲ್ 27ಕ್ಕೆ ಕರೆದಿದ್ದ ಅಧಿವೇಶನವನ್ನು ಮುಂಚಿತವಾಗಿಯೇ ನಡೆಸಬಹುದು ಎಂದು ಬೊಮ್ಮಾಯಿ ತಿಳಿಸಿದರು. ರಾಜ್ಯಪಾಲರು ಎರಡನೆಯ ವರದಿಯಲ್ಲೂ ತಮ್ಮ ನಿಲುವನ್ನೇ ಪುನರುಚ್ಚರಿಸಿದರು. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು.

ಬೊಮ್ಮಾಯಿ ಹೂಡಿದ ರಿಟ್ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ತಿರಸ್ಕರಿಸಿತು. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿಯ ಜೊತೆಗೆ ನಾಗಾಲ್ಯಾಂಡ್ (1988), ಮೇಘಾಲಯ (1991) ಮತ್ತು ಬಾಬರಿ ಮಸೀದಿ ಧ್ವಂಸದ ನಂತರ 1992ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಿಗೆ ಸಂಬಂಧಿಸಿದ ಮೊಕದ್ದಮೆಗಳೂ ಸೇರಿದವು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತಿತು.

ತೀರ್ಪಿನ ತಿರುಳು ಹೀಗಿದೆ. 356ರ ಅಧಿಕಾರ ಷರತ್ತಿಗೆ ಒಳಪಟ್ಟದ್ದು, ಅನಿರ್ಬಂಧಿತವಲ್ಲ. ಘೋಷಣೆಗೆ ಆಧಾರವಾದ ಸಾಮಗ್ರಿ ಇತ್ತೇ, ಅದು ಸಂಬಂಧಪಟ್ಟದ್ದೇ, ದುರುದ್ದೇಶವಿತ್ತೇ ಎಂದು ನ್ಯಾಯಾಲಯ ಪರಿಶೀಲಿಸಬಹುದು. ಮಂತ್ರಿಗಳು ಕೊಟ್ಟ ಸಲಹೆ ಏನೆಂದು ಕೇಳುವುದನ್ನು 74(2)ನೆಯ ವಿಧಿ ತಡೆದರೂ, ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ತರಿಸಿ ನೋಡುವುದಕ್ಕೆ ಅಡ್ಡಿಯಿಲ್ಲ. ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ತೀರ್ಮಾನವಾಗಬೇಕಾದ ಸ್ಥಳ ಸದನ, ರಾಜಭವನವಲ್ಲ. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಘೋಷಣೆ ಅಸಿಂಧುವಾದರೆ ವಜಾ ಆದ ಸರ್ಕಾರವನ್ನೂ ಸದನವನ್ನೂ ಮತ್ತೆ ಸ್ಥಾಪಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಜಾತ್ಯತೀತತೆ ಸಂವಿಧಾನದ ಮೂಲ ಸಂರಚನೆಯ ಭಾಗ. ಅದಕ್ಕೆ ವಿರುದ್ಧವಾಗಿ ನಡೆದ ಸರ್ಕಾರದ ಮೇಲೆ 356ನ್ನು ಬಳಸಬಹುದು. ಈ ಕೊನೆಯ ಆಧಾರದ ಮೇಲೆ 1992ರ ಮೂರು ರಾಜ್ಯಗಳ ಘೋಷಣೆಗಳನ್ನು ಪೀಠ ಎತ್ತಿಹಿಡಿಯಿತು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ಅಸಾಂವಿಧಾನಿಕವೆಂದು ಸಾರಿತು. ಬೊಮ್ಮಾಯಿಯವರಿಗೆ ಇದರಿಂದ ಪರಿಹಾರವೇನೂ ಸಿಗಲಿಲ್ಲ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು, 1989ರ ನವೆಂಬರ್‌ನ ಚುನಾವಣೆಯಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದು ಮೂವರು ಮುಖ್ಯಮಂತ್ರಿಗಳೂ ಆಗಿದ್ದರು.

ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆ

ರಾಜ್ಯದಲ್ಲಿ ಆರು ಸಲ ರಾಷ್ಟ್ರಪತಿ ಆಳ್ವಿಕೆ ಜಾರಿಯಾಗಿದೆ. ಮೊದಲನೆಯದು ವೀರೇಂದ್ರ ಪಾಟೀಲರ ಸರ್ಕಾರ ಬಿದ್ದಾಗ, 1971ರ ಮಾರ್ಚ್ 19ರಿಂದ ಒಂದು ವರ್ಷ. ಎರಡನೆಯದು 1977ರ ಡಿಸೆಂಬರ್ 31ರಂದು ದೇವರಾಜ ಅರಸು ಸರ್ಕಾರ ವಜಾ ಆದಾಗ. ಎರಡು ತಿಂಗಳಲ್ಲಿ ಚುನಾವಣೆ ನಡೆದು ಅರಸು ಅವರೇ ಗೆದ್ದು ಮರಳಿದರು. ಮೂರನೆಯದು ಬೊಮ್ಮಾಯಿ ಪ್ರಕರಣದ್ದು. 1990ರ ಅಕ್ಟೋಬರ್ 10ರಿಂದ 17ರವರೆಗಿನ ನಾಲ್ಕನೆಯದು ಅತಿ ಚಿಕ್ಕದು. ಅನಾರೋಗ್ಯದಲ್ಲಿದ್ದ ವೀರೇಂದ್ರ ಪಾಟೀಲರನ್ನು ಅವರದೇ ಪಕ್ಷದ ವರಿಷ್ಠರು ಇಳಿಸಿ ಎಸ್. ಬಂಗಾರಪ್ಪನವರನ್ನು ತರುವ ನಡುವಿನ ವಾರ ಅದು. ಪಕ್ಷದ ಒಳಜಗಳಕ್ಕೆ ಸಂವಿಧಾನದ ಕೊನೆಯ ಅಸ್ತ್ರವನ್ನು ಬಳಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಐದನೆಯದು ಮತ್ತು ಆರನೆಯದು 2007ರ ಅಕ್ಟೋಬರ್ 9 ಮತ್ತು ನವೆಂಬರ್ 20ರಂದು ಬಂದವು. ಜನತಾದಳ (ಜಾತ್ಯತೀತ) ಮತ್ತು ಬಿಜೆಪಿ ನಡುವಿನ ಅಧಿಕಾರ ಹಸ್ತಾಂತರದ ಒಪ್ಪಂದ ಮುರಿದದ್ದು ಅದಕ್ಕೆ ಕಾರಣ.

ಗ್ರಾಮಮಟ್ಟದಲ್ಲಿ ಕಾರ್ಯವಿಧಾನ

ರಾಷ್ಟ್ರಪತಿ ಆಳ್ವಿಕೆ ಒಂದು ಹಳ್ಳಿಗೆ ಹೇಗೆ ತಟ್ಟುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಬಾದಾಮಿ ತಾಲ್ಲೂಕಿನ ಚೊಳಚಗುಡ್ಡವನ್ನು ನೋಡಬಹುದು. ಇದು ಬನಶಂಕರಿ ದೇವಾಲಯವಿರುವ ಗ್ರಾಮ. 1956ರ ನವೆಂಬರ್ 1ಕ್ಕೆ ಮೊದಲು ಬಿಜಾಪುರ ಜಿಲ್ಲೆಯ ಜೊತೆ ಮುಂಬಯಿ ರಾಜ್ಯದಲ್ಲಿದ್ದ ಈ ಊರು ಮೈಸೂರು ರಾಜ್ಯಕ್ಕೆ ಸೇರಿತು; 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಬಂತು. ಮೇಲಿನ ಆರು ಅವಧಿಗಳಲ್ಲಿ ಬಾದಾಮಿ ಕ್ಷೇತ್ರದ ಮತದಾರರಿಗೆ ರಾಜ್ಯ ಮಂತ್ರಿಮಂಡಲ ಇರಲಿಲ್ಲ. ಸದನ ವಿಸರ್ಜನೆಯಾದಾಗ ಶಾಸಕರೂ ಇರಲಿಲ್ಲ. 1978 ಮತ್ತು 2008ರ ಬನಶಂಕರಿಯ ಬನದ ಹುಣ್ಣಿಮೆಯ ಜಾತ್ರೆಗಳು ರಾಷ್ಟ್ರಪತಿ ಆಳ್ವಿಕೆಯಲ್ಲೇ ನಡೆದವು.

ಈ ಅವಧಿಯಲ್ಲಿ ರಾಜ್ಯಪಾಲರು ಸಲಹೆಗಾರರ ನೆರವಿನಿಂದ ರಾಷ್ಟ್ರಪತಿಯ ಪರವಾಗಿ ಆಡಳಿತ ನಡೆಸುತ್ತಾರೆ. ರಾಜ್ಯದ ಬಜೆಟ್ಟಿಗೆ ಸಂಸತ್ತು ಒಪ್ಪಿಗೆ ಕೊಡುತ್ತದೆ. ಜಿಲ್ಲಾಧಿಕಾರಿ, ತಹಶೀಲ್ದಾರರ ಕಚೇರಿಗಳು ಎಂದಿನಂತೆ ಕೆಲಸ ಮಾಡುತ್ತವೆ. ಚುನಾಯಿತ ಪಂಚಾಯಿತಿಗಳಿಗೆ ಘೋಷಣೆ ತಾನಾಗಿ ತಟ್ಟುವುದಿಲ್ಲ. ಬಂಧನಕ್ಕೊಳಗಾದವನ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಹಕ್ಕು 226ನೆಯ ವಿಧಿಯಡಿ ಉಳಿದಿರುತ್ತದೆ. ಬಾಗಲಕೋಟೆ ಜಿಲ್ಲೆಯವರಿಗೆ ಅದರ ಬಾಗಿಲು ಹೈಕೋರ್ಟಿನ ಧಾರವಾಡ ಪೀಠ. ರಾಷ್ಟ್ರಪತಿಯ ಆಯ್ಕೆಯಲ್ಲಿಯೂ ತನ್ನ ಶಾಸಕನ ಮತದ ಮೂಲಕ ಗ್ರಾಮಕ್ಕೆ ಪರೋಕ್ಷ ಪಾಲಿದೆ. 1971ರ ಜನಗಣತಿಯ ಆಧಾರದಲ್ಲಿ ಕರ್ನಾಟಕದ ಪ್ರತಿ ಶಾಸಕನ ಮತದ ಮೌಲ್ಯ 131, ರಾಜ್ಯದ 224 ಶಾಸಕರದು ಒಟ್ಟು 29,344.

ಪ್ರಸಕ್ತ ಸ್ಥಿತಿ

1994ರ ನಂತರ ರಾಷ್ಟ್ರಪತಿ ಆಳ್ವಿಕೆಯ ಬಳಕೆ ಗಮನಾರ್ಹವಾಗಿ ಇಳಿದಿದೆ. 2005ರ ಬಿಹಾರ ವಿಧಾನಸಭೆಯ ವಿಸರ್ಜನೆಯನ್ನು 2006ರ ರಾಮೇಶ್ವರ ಪ್ರಸಾದ್ ತೀರ್ಪು ಅಸಾಂವಿಧಾನಿಕವೆಂದಿತು. 2016ರಲ್ಲಿ ಉತ್ತರಾಖಂಡದ ಘೋಷಣೆಯನ್ನು ಅಲ್ಲಿನ ಹೈಕೋರ್ಟ್ ರದ್ದು ಮಾಡಿತು. ಸುಪ್ರೀಂ ಕೋರ್ಟಿನ ಸೂಚನೆಯಂತೆ ನಡೆದ ವಿಶ್ವಾಸಮತದಲ್ಲಿ ಹರೀಶ್ ರಾವತ್ ಗೆದ್ದು ಮುಖ್ಯಮಂತ್ರಿಯಾಗಿ ಮರಳಿದರು.

ಬೊಮ್ಮಾಯಿ ತೀರ್ಪಿನ ಸದನಪರೀಕ್ಷೆಯ ನಿಯಮ 2018ರಲ್ಲಿ ಕರ್ನಾಟಕಕ್ಕೇ ಮರಳಿ ಬಂತು. ಮೇ 15ರ ಫಲಿತಾಂಶದಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜನತಾದಳ (ಜಾತ್ಯತೀತ) 37 ಸ್ಥಾನ ಪಡೆದವು. ರಾಜ್ಯಪಾಲ ವಜೂಭಾಯಿ ವಾಲಾ ಅವರು ಬಹುಮತ ತೋರಿಸಲು ಬಿಜೆಪಿಯ ಬಿ. ಎಸ್. ಯಡಿಯೂರಪ್ಪನವರಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಮೊಟಕುಗೊಳಿಸಿ ಮೇ 19ರ ಸಂಜೆ 4 ಗಂಟೆಗೆ ಸದನದಲ್ಲೇ ಪರೀಕ್ಷೆ ನಡೆಯಲೆಂದು ಆದೇಶಿಸಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ನೀಡಿದರು.

ರಾಜ್ಯಗಳ ಮಸೂದೆಗಳಿಗೆ ಅಂಕಿತ ಹಾಕುವಲ್ಲಿನ ವಿಳಂಬ ಈಚಿನ ವಿವಾದ. ರಾಷ್ಟ್ರಪತಿಯ ಪರಿಶೀಲನೆಗೆ ಕಾದಿರಿಸಿದ ಮಸೂದೆಯನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕೆಂದು ತಮಿಳುನಾಡಿನ ಮೊಕದ್ದಮೆಯಲ್ಲಿ 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ರಾಷ್ಟ್ರಪತಿ ದ್ರೌಪದಿ ಮುರ್ಮು 143ನೆಯ ವಿಧಿಯಡಿ ನ್ಯಾಯಾಲಯದ ಅಭಿಪ್ರಾಯ ಕೇಳಿದರು. ಇಂಥ ಗಡುವನ್ನು ನ್ಯಾಯಾಲಯ ವಿಧಿಸಲಾಗದು ಎಂದು ಐವರ ಸಂವಿಧಾನ ಪೀಠ ಅದೇ ವರ್ಷದ ನವೆಂಬರ್ 20ರಂದು ಅಭಿಪ್ರಾಯಪಟ್ಟಿತು. 356ನೆಯ ವಿಧಿ ಇಂದಿಗೂ ಜೀವಂತವಾಗಿದೆ. 2025ರ ಫೆಬ್ರವರಿ 13ರಂದು ಮಣಿಪುರದಲ್ಲಿ ಅದು ಬಳಕೆಯಾಯಿತು. ಕರ್ನಾಟಕದಲ್ಲಿ ಕೊನೆಯ ರಾಷ್ಟ್ರಪತಿ ಆಳ್ವಿಕೆ 2008ರ ಮೇ ತಿಂಗಳಲ್ಲಿ ಮುಗಿದಿದೆ.